ಹಳೆಯ ಹಳಿಯ ಮೇಲೆ ಹೊಸ ವೇಗ: ಡಿಸ್ನಿಲ್ಯಾಂಡ್‌ನ ರಾಕೆಟ್ ರಾಡ್ಸ್ ಮುಚ್ಚಿದ ಪ್ರಕರಣ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನ ಟುಮಾರೋಲ್ಯಾಂಡ್ ಭಾಗಕ್ಕೆ ಹೋಗಿ ತಲೆ ಎತ್ತಿ ನೋಡಿದರೆ, ಸಾಲು ಕಂಬಗಳ ಮೇಲೆ ಒಂದು ಕಿರಿದಾದ ಹಳಿದಾರಿ ಸುತ್ತಿಕೊಂಡು ಹೋಗಿರುವುದು ಕಾಣುತ್ತದೆ. ಅದು ಕಟ್ಟಡಗಳೊಳಗೆ ನುಗ್ಗಿ ಹೊರಬರುತ್ತದೆ, ನೀರಿನ ಮೇಲೆ ಹಾಯುತ್ತದೆ, ಮಕ್ಕಳು ಪುಟ್ಟ ಕಾರು ಓಡಿಸುವ ಆಟೋಪಿಯಾದ ಮೇಲೆ ಬಳಸಿ ಮತ್ತೆ ನಡುವಿನ ವೇದಿಕೆಗೆ ಮರಳುತ್ತದೆ. 2000ದ ಸೆಪ್ಟೆಂಬರ್ 25ರ ನಂತರ ಈ ದಾರಿಯ ಮೇಲೆ ಪ್ರಯಾಣಿಕರಾರೂ ಹೋಗಿಲ್ಲ. ಅಂಗುಲ ಅಂಗುಲ ಜಾಗಕ್ಕೂ ಬೆಲೆಯಿರುವ ಪಾರ್ಕಿನ ನಟ್ಟನಡುವೆ ಇಷ್ಟು ದೊಡ್ಡ ರಚನೆ ಇಷ್ಟು ವರ್ಷ ಖಾಲಿ ನಿಂತಿದೆ.

ಈ ಹಳಿ ಎರಡು ರೈಡ್‌ಗಳನ್ನು ಹೊತ್ತಿದೆ. ಮೊದಲನೆಯದು ಪೀಪಲ್‌ಮೂವರ್. 1967ರ ಜುಲೈ 2ರಂದು ಶುರುವಾಗಿ 1995ರ ಆಗಸ್ಟ್ 21ರವರೆಗೆ, 28 ವರ್ಷ ಓಡಿತು. ಎರಡನೆಯದು ರಾಕೆಟ್ ರಾಡ್ಸ್. 1998ರ ಮೇ 22ರಂದು ತೆರೆದ ಇದು ಎರಡೂವರೆ ವರ್ಷವನ್ನೂ ಪೂರೈಸಲಿಲ್ಲ, ಅದರಲ್ಲೂ ಸುಮಾರು ಮೂರು ತಿಂಗಳು ಬಾಗಿಲು ಹಾಕಿಕೊಂಡೇ ಇತ್ತು. ಮುಚ್ಚಿದ್ದು ಯಾಕೆ ಎಂದು ಕೇಳಿದರೆ "ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು" ಎಂಬ ಉತ್ತರ ಸಿಗುತ್ತದೆ. ಅದು ನಿಜ, ಆದರೆ ಜ್ವರ ಬಂದಿತ್ತು ಎಂದ ಹಾಗೆ. ಜ್ವರಕ್ಕೆ ಕಾರಣ ಹಳಿಯ ತಿರುವುಗಳಲ್ಲಿತ್ತು. 16 ನಿಮಿಷದಲ್ಲಿ ಸುತ್ತಿ ಬರಲೆಂದು ಕಟ್ಟಿದ ದಾರಿಯನ್ನು, ಆ ದಾರಿಯನ್ನು ಬದಲಿಸದೆಯೇ, 3 ನಿಮಿಷದಲ್ಲಿ ಸುತ್ತಿಸಲು ಹೊರಟದ್ದೇ ಮೂಲ ತಪ್ಪು.

ಮೊದಲ ಯಂತ್ರ ಯಾಕೆ 28 ವರ್ಷ ಬಾಳಿತು

ಪೀಪಲ್‌ಮೂವರ್‌ನ ಬೇರು 1964-65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿದೆ. ಅಲ್ಲಿ ಫೋರ್ಡ್ ಕಂಪನಿಯ ಮಂಟಪಕ್ಕಾಗಿ ಡಿಸ್ನಿಯ ತಂತ್ರಜ್ಞರು ಮ್ಯಾಜಿಕ್ ಸ್ಕೈವೇ ಎಂಬ ವ್ಯವಸ್ಥೆ ಮಾಡಿದ್ದರು. ಜನ ಕೂತ ಫೋರ್ಡ್ ಕಾರುಗಳಿಗೆ ತಮ್ಮ ಎಂಜಿನ್ನಿನ ಕೆಲಸವೇ ಇರಲಿಲ್ಲ. ದಾರಿಯಲ್ಲಿ ಹುದುಗಿಸಿದ ಚಕ್ರಗಳು ತಿರುಗುತ್ತ ಕಾರನ್ನು ಕೆಳಗಿನಿಂದ ಮುಂದಕ್ಕೆ ದಬ್ಬುತ್ತಿದ್ದವು. ಉಕ್ಕಿನ ಕಾರ್ಖಾನೆಯಲ್ಲಿ ಕಾದ ಗಟ್ಟಿಗಳು ರೋಲರ್‌ಗಳ ಮೇಲೆ ಸಾಗುವ ಹಾಗೆಯೇ. ಇದೇ ಉಪಾಯವನ್ನು ಡಿಸ್ನಿಲ್ಯಾಂಡ್‌ಗೆ ತಂದು, ಬಾಬ್ ಗರ್ ಮತ್ತಿತರರು ವಾಹನಗಳನ್ನು ರೂಪಿಸಿದರು. ಪ್ರಾಯೋಜಕತ್ವ ಟೈರ್ ಕಂಪನಿ ಗುಡ್‌ಇಯರ್‌ನದು.

ಹಳಿಯ ನಡುವೆ ಸುಮಾರು 9 ಅಡಿಗೊಂದರಂತೆ ನೂರಾರು ರಬ್ಬರ್ ಟೈರುಗಳು, ಅವಕ್ಕೆ ವಿದ್ಯುತ್ ಮೋಟಾರುಗಳು. ಮೇಲೆ ಬರುವ ಡಬ್ಬಿಯ ತಳ ಟೈರಿಗೆ ಒತ್ತಿಕೊಂಡು ಹಾಯುತ್ತದೆ. ಟೈರು ತಿರುಗಿದಷ್ಟು ಡಬ್ಬಿ ಮುಂದೆ ಹೋಗುತ್ತದೆ. ಡಬ್ಬಿಯಲ್ಲಿ ಮೋಟಾರಿಲ್ಲ, ಬ್ರೇಕಿಲ್ಲ, ಓಡಿಸುವವರಿಲ್ಲ. ನಾಲ್ಕು ಡಬ್ಬಿ ಸೇರಿ ಒಂದು ರೈಲು, ಒಟ್ಟು 62 ರೈಲು. ವೇಗ ಹೆಚ್ಚೆಂದರೆ ಗಂಟೆಗೆ 7 ಮೈಲಿ, ಅಂದರೆ 11 ಕಿ.ಮೀ. ದಾರಿಯ ಉದ್ದ ಸುಮಾರು ಮುಕ್ಕಾಲು ಮೈಲಿ. ಅದನ್ನು 16 ನಿಮಿಷಕ್ಕೆ ಹಂಚಿದರೆ ಸರಾಸರಿ ಗಂಟೆಗೆ 4.5 ಕಿ.ಮೀ. ಸಾಮಾನ್ಯವಾಗಿ ನಡೆಯುವವರ ವೇಗ ಅಷ್ಟೇ.

ಈ ಜೋಡಣೆಯ ಸೊಗಸು ಸುರಕ್ಷತೆಯಲ್ಲಿದೆ. ಪ್ರತಿ ಜಾಗದ ವೇಗವನ್ನು ಆ ಜಾಗದ ಟೈರೇ ನಿರ್ಧರಿಸುತ್ತದೆ. ಹಿಂದಿನ ರೈಲೂ ಮುಂದಿನ ರೈಲೂ ಒಂದೇ ಜಾಗವನ್ನು ಒಂದೇ ವೇಗದಲ್ಲಿ ದಾಟುತ್ತವೆ, ಹಾಗಾಗಿ ಹಿಂದಿನದು ಓಡಿಬಂದು ಮುಂದಿನದಕ್ಕೆ ಬಡಿಯುವ ಪ್ರಶ್ನೆ ಸುಲಭವಾಗಿ ಹುಟ್ಟುವುದಿಲ್ಲ. ಒಂದು ಮೋಟಾರು ಸುಟ್ಟರೂ, ರೈಲಿನ ಉದ್ದ 9 ಅಡಿಗಿಂತ ಹೆಚ್ಚಿರುವುದರಿಂದ ಪಕ್ಕದ ಟೈರು ಅದನ್ನು ದಬ್ಬಿ ದಾಟಿಸುತ್ತದೆ. ಕೆಟ್ಟ ಮೋಟಾರನ್ನು ರಾತ್ರಿ ಬದಲಿಸಿದರಾಯಿತು.

ಹತ್ತುವ ವೇದಿಕೆ ಇನ್ನೂ ಚೆಂದ. ಇಳಿಜಾರಿನ ಚಲಿಸುವ ಪಟ್ಟಿಯ ಮೇಲೆ ನಿಂತು ಮೇಲಿನ ಅಂತಸ್ತಿಗೆ ಬಂದರೆ, ಅಲ್ಲಿ ದೊಡ್ಡ ತಟ್ಟೆಯಂಥ ವೇದಿಕೆ ನಿಧಾನವಾಗಿ ಸುತ್ತುತ್ತಿರುತ್ತದೆ. ಅದರ ಅಂಚಿಗೆ ಅಂಟಿಕೊಂಡಂತೆ ರೈಲುಗಳು ಅದೇ ವೇಗದಲ್ಲಿ ಹೋಗುತ್ತಿರುತ್ತವೆ. ವೇದಿಕೆಯೂ ರೈಲೂ ಒಟ್ಟಿಗೆ ಸಾಗುವುದರಿಂದ, ಹತ್ತುವವರ ಕಣ್ಣಿಗೆ ರೈಲು ನಿಂತ ಹಾಗೇ. ಹತ್ತಿ ಕೂರುವುದಕ್ಕೆ ರೈಲು ನಿಲ್ಲಬೇಕಿಲ್ಲ. ಬೆಳಗ್ಗೆ ಶುರುವಾದ ಸರಪಳಿ ರಾತ್ರಿಯವರೆಗೂ ಕಡಿಯುವುದಿಲ್ಲ.

ದೋಷಗಳೂ ಇದ್ದವು, ಅವನ್ನು ಮರೆಮಾಚಬಾರದು. 1967ರಲ್ಲಿ ಒಬ್ಬ, 1980ರಲ್ಲಿ ಇನ್ನೊಬ್ಬ ಹದಿಹರೆಯದ ಹುಡುಗ ಓಡುತ್ತಿದ್ದ ಡಬ್ಬಿಯಿಂದ ಡಬ್ಬಿಗೆ ಜಿಗಿಯಲು ಹೋಗಿ ಪ್ರಾಣ ಕಳೆದುಕೊಂಡರು. ನಿಧಾನದ ರೈಡ್ ಎಂಬ ಸದರವೇ ಅಲ್ಲಿ ಅಪಾಯವಾಯಿತು. ನೂರಾರು ಟೈರು, ಮೋಟಾರುಗಳೆಂದರೆ ಸವೆಯುವ ನೂರಾರು ಜಾಗಗಳು. ಅವನ್ನು ನೋಡಿಕೊಳ್ಳುವ ಖರ್ಚು ವರ್ಷ ವರ್ಷ ಏರಿತು. ಗುಡ್‌ಇಯರ್‌ನ ಪ್ರಾಯೋಜಕತ್ವ 1981ರ ಕೊನೆಗೆ ಮುಗಿದಿತ್ತು, ಆ ಹೊರೆಯೆಲ್ಲ ಪಾರ್ಕಿನದೇ ಆಯಿತು. ಹಾಗಿದ್ದರೂ, 28 ವರ್ಷ ಓಡಿದ ಯಂತ್ರವನ್ನು ಕೆಟ್ಟ ವಿನ್ಯಾಸ ಎನ್ನಲಾಗದು.

ಹೊಸ ರೈಡ್ ಬಂದ ಹಿನ್ನೆಲೆ

1990ರ ದಶಕದ ಆರಂಭದಲ್ಲಿ ಟುಮಾರೋಲ್ಯಾಂಡನ್ನು ಪೂರ್ತಿ ಹೊಸದಾಗಿ ಕಟ್ಟುವ ದೊಡ್ಡ ಯೋಜನೆ ಇತ್ತು. 1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿ ತೆರೆದ ಯೂರೋ ಡಿಸ್ನಿ ನಷ್ಟಕ್ಕೆ ಬಿದ್ದ ಮೇಲೆ ಕಂಪನಿ ಎಲ್ಲೆಡೆ ಕೈ ಬಿಗಿ ಹಿಡಿಯಿತು. ದೊಡ್ಡ ಯೋಜನೆ ಸಣ್ಣದಾಯಿತು. ಇರುವ ಕಟ್ಟಡಗಳನ್ನೇ ಬಳಸಿ, ಹೊಸ ಬಣ್ಣ, ಹೊಸ ರೂಪ ಕೊಡುವುದು ಎಂದಾಯಿತು. ಅದರ ಮುಖ್ಯ ಆಕರ್ಷಣೆಯಾಗಿ ಆರಿಸಿಕೊಂಡದ್ದು ರಾಕೆಟ್ ರಾಡ್ಸ್. ಹಳಿ ಇದೆ, ಕಂಬಗಳಿವೆ, ಸುರಂಗಗಳಿವೆ, ವಾಹನ ಮಾತ್ರ ಹೊಸದು, ಗಂಟೆಗೆ 35 ಮೈಲಿ (56 ಕಿ.ಮೀ.) ಓಡುವಂಥದ್ದು. ಕಾಗದದ ಮೇಲೆ ಇದಕ್ಕಿಂತ ಅಗ್ಗದ ಉಪಾಯ ಇರಲಾರದು.

ಪಕ್ಕದ ಸರ್ಕಲ್-ವಿಷನ್ ಚಿತ್ರಮಂದಿರದ ಕಟ್ಟಡವನ್ನು ಸರತಿಯ ಜಾಗವಾಗಿಸಿದರು. ಹಳೆಯ ಪೀಪಲ್‌ಮೂವರ್ ಡಬ್ಬಿಗಳಿಗೆ ನೀಲಿ ನಕಾಶೆಯಂತೆ ಬಣ್ಣ ಬಳಿದು ಅಲ್ಲೇ ಪ್ರದರ್ಶನಕ್ಕಿಟ್ಟರು. ಈ ರೈಡ್‌ಗೆ ಹೊರಗಿನ ಪ್ರಾಯೋಜಕರು ಸಿಗಲಿಲ್ಲ. ಹಣ ಸಾಲದೆ ಬಿಟ್ಟ ಕೆಲಸಗಳಲ್ಲಿ ಒಂದು ಇಡೀ ಪ್ರಕರಣವನ್ನು ನಿರ್ಧರಿಸಿತು: ತಿರುವುಗಳಲ್ಲಿ ಹಳಿಯನ್ನು ಒಳಕ್ಕೆ ಓರೆ ಮಾಡಲಿಲ್ಲ. ಹಳಿ 1967ರಲ್ಲಿ ಹೇಗಿತ್ತೋ ಹಾಗೆಯೇ ಸಮತಟ್ಟಾಗಿ ಉಳಿಯಿತು.

ತಿರುವಿನ ಲೆಕ್ಕ

ವಾಹನ ತಿರುಗುವಾಗ ಅದನ್ನು ಒಳಕ್ಕೆ ಎಳೆಯುವ ಬಲವೊಂದು ಬೇಕು. ಅದು ಎಷ್ಟು ಬೇಕೆಂದರೆ, ವಾಹನದ ಪ್ರತಿ ಕಿಲೋಗ್ರಾಂಗೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು. ವರ್ಗ ಎಂಬ ಮಾತೇ ಇಲ್ಲಿ ಮುಖ್ಯ. 7 ಮೈಲಿಯಿಂದ 35 ಮೈಲಿಗೆ ಹೋದರೆ ವೇಗ 5 ಪಟ್ಟು, ಆದರೆ ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಬಲ 25 ಪಟ್ಟು. ವಾಹನದ ಚಲನಶಕ್ತಿಯೂ ವೇಗದ ವರ್ಗದಂತೆಯೇ ಏರುವುದರಿಂದ, ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿಯೂ 25 ಪಟ್ಟು.

ಉದಾಹರಣೆಗೆ 15 ಮೀಟರ್ ತ್ರಿಜ್ಯದ ಒಂದು ತಿರುವನ್ನು ತೆಗೆದುಕೊಳ್ಳೋಣ. ಗಂಟೆಗೆ 7 ಮೈಲಿ ಎಂದರೆ ಸೆಕೆಂಡಿಗೆ 3.1 ಮೀಟರ್. ವರ್ಗ ಮಾಡಿ 15ರಿಂದ ಭಾಗಿಸಿದರೆ 0.65, ಅಂದರೆ ಗುರುತ್ವದ ನೂರಕ್ಕೆ 7ರಷ್ಟು. ಕೂತವರಿಗೆ ತಿರುಗಿದ್ದೇ ಗೊತ್ತಾಗದು. ಗಂಟೆಗೆ 35 ಮೈಲಿ ಎಂದರೆ ಸೆಕೆಂಡಿಗೆ 15.6 ಮೀಟರ್. ಅದೇ ಲೆಕ್ಕಕ್ಕೆ 16 ಬರುತ್ತದೆ, ಗುರುತ್ವದ 1.65 ಪಟ್ಟು. ಸಮತಟ್ಟಾದ ಹಳಿಯ ಮೇಲೆ ಇಷ್ಟು ಬಲ ಪಕ್ಕಕ್ಕೆ ಬಿದ್ದರೆ ಕೂತವರ ಭುಜ, ಪಕ್ಕೆಲುಬು ಗೋಡೆಗೆ ಅಪ್ಪಳಿಸಿದಂತಾಗುತ್ತದೆ. ಯಾವ ಎಂಜಿನಿಯರೂ ಅದಕ್ಕೆ ಒಪ್ಪುವುದಿಲ್ಲ.

ಇದಕ್ಕೇ ರೋಲರ್ ಕೋಸ್ಟರ್‌ಗಳಲ್ಲಿ ತಿರುವನ್ನು ಓರೆ ಮಾಡುತ್ತಾರೆ. ರೈಲುದಾರಿಯ ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರ ಇಡುವುದೂ ಇದೇ ಕಾರಣಕ್ಕೆ. ಓರೆ ಮಾಡಿದಾಗ ಪಕ್ಕದ ಬಲ ಸೀಟಿನತ್ತ ತಿರುಗುತ್ತದೆ. ಮೈ ಪಕ್ಕಕ್ಕೆ ಜಾರುವ ಬದಲು ಸೀಟಿಗೆ ಒತ್ತಿಕೊಳ್ಳುತ್ತದೆ. ಅದೇ 15 ಮೀಟರ್ ತಿರುವನ್ನು ಪೂರ್ತಿ 35 ಮೈಲಿ ವೇಗದಲ್ಲಿ ಹಾಯಿಸಬೇಕೆಂದರೆ ಹಳಿಯನ್ನು ಸುಮಾರು 59 ಡಿಗ್ರಿ ಓರೆ ಮಾಡಬೇಕು. ಅರ್ಧ ವೇಗಕ್ಕೇ 22 ಡಿಗ್ರಿ ಬೇಕು.

ಈ ಸಂಖ್ಯೆಗಳನ್ನು ನೋಡಿದರೆ ಓರೆ ಮಾಡದೆ ಬಿಟ್ಟದ್ದು ಚಿಲ್ಲರೆ ಉಳಿತಾಯವಲ್ಲ ಎಂಬುದು ತಿಳಿಯುತ್ತದೆ. ಇದ್ದ ಹಳಿಯ ಮೇಲೆ ತೇಪೆ ಹಾಕಿ ಓರೆ ಮಾಡಲು ಬರುವುದಿಲ್ಲ. ಆ ಭಾಗದ ತೊಲೆ ತೆಗೆದು ಹೊಸದು ಕೂರಿಸಬೇಕು. ಸಮತಟ್ಟಿನಿಂದ ಓರೆಗೆ ಮೆಲ್ಲಗೆ ತಿರುಚಿಕೊಂಡು ಹೋಗುವ ತುಂಡು ಎರಡೂ ಕಡೆ ಬೇಕು. ಕಂಬದ ತಲೆಗೆ ಬೀಳುವ ಪಕ್ಕದ ನೂಕು ಬುಡದಲ್ಲಿ ಹಲವು ಪಟ್ಟು ಬಾಗಿಸುವ ಬಲವಾಗುತ್ತದೆ, ಆದ್ದರಿಂದ ಕಂಬ, ಬುನಾದಿ ಎರಡನ್ನೂ ಮತ್ತೆ ಲೆಕ್ಕ ಹಾಕಬೇಕು. ಸುರಂಗದೊಳಗಿನ ತಿರುವುಗಳಲ್ಲಿ ಇನ್ನೊಂದು ತೊಡಕು: ಓರೆಯಾದ ವಾಹನದ ತಲೆ ಒಳಗೋಡೆಯತ್ತ ವಾಲುತ್ತದೆ, ಕಿರಿದಾದ ಸಂದಿ ಸಾಲದೆ ಹೋಗುತ್ತದೆ. ಇಷ್ಟೆಲ್ಲ ಮಾಡಿದರೆ ಅದು ಹಳೆಯ ಹಳಿಯ ಮರುಬಳಕೆಯಾಗಿ ಉಳಿಯುವುದಿಲ್ಲ, ಹೊಸ ರೈಡ್ ಕಟ್ಟಿದಂತಾಗುತ್ತದೆ. ಅಷ್ಟು ದುಡ್ಡು ಇರಲಿಲ್ಲ.

ಓರೆ ಇಲ್ಲದಿದ್ದರೆ ಉಳಿಯುವ ದಾರಿ ಒಂದೇ, ಪ್ರತಿ ತಿರುವಿಗೂ ಬ್ರೇಕು ಹಾಕುವುದು. ಪಕ್ಕದ ಬಲ ಗುರುತ್ವದ ನೂರಕ್ಕೆ 30 ಮೀರಬಾರದೆಂದು ಇಟ್ಟುಕೊಂಡರೆ, 15 ಮೀಟರ್ ತಿರುವಿನಲ್ಲಿ ವೇಗ ಗಂಟೆಗೆ ಸುಮಾರು 24 ಕಿ.ಮೀ.ಗೆ ಇಳಿಯಬೇಕು. 56ರಿಂದ 24ಕ್ಕೆ ಇಳಿಸಿದಾಗ ವಾಹನದ ಚಲನಶಕ್ತಿಯ ಐದರಲ್ಲಿ ನಾಲ್ಕು ಭಾಗ ಹೋಯಿತು. ತಿರುವು ದಾಟಿದೊಡನೆ ಅಷ್ಟನ್ನೂ ಮೋಟಾರು ಮತ್ತೆ ತುಂಬಬೇಕು. ಮುಂದೆ ಇನ್ನೊಂದು ತಿರುವು, ಮತ್ತೆ ಬ್ರೇಕು. ಪೀಪಲ್‌ಮೂವರ್‌ನ ದಾರಿಯೋ ತಿರುವುಗಳದೇ ಸರಮಾಲೆ. ಕಟ್ಟಡಗಳ ಒಳಗನ್ನು ಇಣುಕಿ ತೋರಿಸಲೆಂದೇ ಅದನ್ನು ಅಷ್ಟು ಬಳಸಿ ಹಾಕಿದ್ದರು.

ಮುಕ್ಕಾಲು ಮೈಲಿಯನ್ನು 3 ನಿಮಿಷಕ್ಕೆ ಹಂಚಿ ನೋಡಿ: ಸರಾಸರಿ ಗಂಟೆಗೆ 24 ಕಿ.ಮೀ. ಜಾಹೀರಾತಿನ ವೇಗದ ಅರ್ಧಕ್ಕೂ ಕಡಿಮೆ. ಕೂತವರಿಗೆ ಸಿಕ್ಕಿದ್ದು ನೇರ ದಾರಿಯಲ್ಲಿ ಕೆಲವು ಸೆಕೆಂಡಿನ ನುಗ್ಗಾಟ, ನಂತರ ಮುಗ್ಗರಿಸಿದಂತೆ ನಿಧಾನ, ಮತ್ತೆ ನುಗ್ಗಾಟ. ಘಾಟಿ ರಸ್ತೆಯಲ್ಲಿ ಅವಸರದ ಡ್ರೈವರು ಓಡಿಸುವ ಬಸ್ಸಿನ ಹಾಗೆ.

ಇದರ ಪೆಟ್ಟು ನೇರವಾಗಿ ಬಿದ್ದದ್ದು ಟೈರುಗಳ ಮೇಲೆ. ಟೈರು ಸುಮ್ಮನೆ ಉರುಳುವಾಗ ಸವೆಯುವುದು ಕಡಿಮೆ. ಎಳೆಯುವಾಗ, ತಡೆಯುವಾಗ, ಪಕ್ಕಕ್ಕೆ ಹಿಡಿದುಕೊಳ್ಳುವಾಗ ರಬ್ಬರು ಹಳಿಯ ಮೇಲೆ ಚೂರು ಚೂರೇ ಜಾರುತ್ತದೆ, ಆ ಜಾರುವಿಕೆಯೇ ಸವೆತ. ಇಲ್ಲಿ ಮೂರೂ ಒಂದರ ಬೆನ್ನಿಗೊಂದು, ದಿನವಿಡೀ. ಹೀಗೆ ಪ್ರತಿ ಸುತ್ತಿನಲ್ಲೂ ಬಿಸಿಯಾಗುವ ಟೈರುಗಳಿಗೆ ತಣಿಯಲು ಬಿಡುವೇ ಸಿಗಲಿಲ್ಲ. ಅವನ್ನು ಬದಲಿಸುವ ಕೆಲಸ ಮುಗಿಯದ ಕೆಲಸವಾಯಿತು.

ಹಳೆಯ ಹಳಿಗೆ ಹೊಸ ವೇಗ ಕೊಡಲು ಹೊರಟವರು ಮೊದಲು ಮಾಡಬೇಕಾದದ್ದು ಇಷ್ಟು. ಒಂದೊಂದು ತಿರುವಿನ ತ್ರಿಜ್ಯ ಅಳೆದು, ಅದಕ್ಕೆ ತಡೆಯಬಹುದಾದ ವೇಗ ಬರೆದುಕೊಳ್ಳುವುದು. ನಂತರ ಇಡೀ ಸುತ್ತಿನ ವೇಗದ ನಕ್ಷೆ ಎಳೆದು, ಎಷ್ಟು ಸಲ ಬ್ರೇಕು, ಪ್ರತಿ ಸಲ ಎಷ್ಟು ಶಕ್ತಿ ಎಂದು ಕೂಡುವುದು. ಆ ಮೊತ್ತದಿಂದ ಟೈರಿನ ಆಯುಷ್ಯ ಅಂದಾಜಿಸುವುದು. ವಾಹನದ ಚಿತ್ರ ಬರೆಯುವುದು ಅದರ ನಂತರದ ಮಾತು. ಇಲ್ಲಿ ಮೊದಲು ಗಟ್ಟಿಯಾದದ್ದು 35 ಮೈಲಿ ಎಂಬ ಸಂಖ್ಯೆ ಎಂದು ಫಲಿತಾಂಶವೇ ಹೇಳುತ್ತದೆ.

ಸರತಿಯ ಲೆಕ್ಕ

ಪಾರ್ಕಿನ ಮುಖ್ಯ ಆಕರ್ಷಣೆ ಎಂದರೆ ಗಂಟೆಗೆ ಸಾವಿರಾರು ಜನರನ್ನು ಸಾಗಿಸಬೇಕು. ಪೀಪಲ್‌ಮೂವರ್‌ನಲ್ಲಿ ಡಬ್ಬಿಗೆ ನಾಲ್ವರಂತೆ ಹಿಡಿದು, 62 ರೈಲೂ ತುಂಬಿ ಓಡಿದರೆ, ಒಂದು ಸುತ್ತಿಗೆ 992 ಜನ, ಗಂಟೆಗೆ 3,700ಕ್ಕೂ ಹೆಚ್ಚು. ರಾಕೆಟ್ ರಾಡ್ಸ್‌ನ ಒಂದು ವಾಹನದಲ್ಲಿ ಐದೇ ಜನ. ಗಂಟೆಗೆ 1,000 ಜನ ಬೇಕೆಂದರೂ 200 ವಾಹನ ಹೊರಡಬೇಕು, 18 ಸೆಕೆಂಡಿಗೆ ಒಂದು. ಅಷ್ಟರೊಳಗೆ ಐವರು ಹತ್ತಿ ಕೂತು, ಸಿಬ್ಬಂದಿ ಕಟ್ಟುಗಳನ್ನು ಪರೀಕ್ಷಿಸಿ, ಕೈ ಎತ್ತಬೇಕು.

ವಾಹನಗಳ ನಡುವೆ ಅಂತರವೂ ಬೇಕು. ಸೆಕೆಂಡಿಗೆ 3 ಮೀಟರ್ ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಂತೆ ತಗ್ಗಿಸಿ ನಿಲ್ಲಿಸಲು ಒಂದೂವರೆ ಮೀಟರ್ ಜಾಗ ಸಾಕು. 15.6 ಮೀಟರ್ ವೇಗವನ್ನು ಅದೇ ಬಿರುಸಿನಲ್ಲಿ ತಗ್ಗಿಸಲು 40 ಮೀಟರ್ ಬೇಕು. ಟೈರೇ ವೇಗ ನಿರ್ಧರಿಸುತ್ತಿದ್ದ ಹಳೆಯ ಸಹಜ ರಕ್ಷಣೆಯೂ ಇಲ್ಲಿ ಇರಲಿಲ್ಲ. ಹಳಿಯನ್ನು ಭಾಗ ಮಾಡಿ, ಒಂದು ಭಾಗದಲ್ಲಿ ಒಂದೇ ವಾಹನ ಎಂಬ ನಿಯಮವನ್ನು ಕಂಪ್ಯೂಟರು ಕಾಯಬೇಕು. ಒಂದು ವಾಹನ ಸಣ್ಣ ದೋಷಕ್ಕೆ ನಿಂತರೂ ಹಿಂದಿನವೆಲ್ಲ ನಿಲ್ಲುತ್ತವೆ. ತಪ್ಪಲ್ಲ, ಹಾಗೆ ನಿಲ್ಲಲೇಬೇಕು. ಆದರೆ ಪ್ರತಿ ನಿಲುಗಡೆಗೂ ಕೆಳಗೆ ಸರತಿ ಬೆಳೆಯುತ್ತದೆ. ಒಂದು, ಎರಡು ಗಂಟೆ ಕಾದು ಮೂರು ನಿಮಿಷ ಓಡುವ ರೈಡ್‌ ಆಯಿತದು. ಅದೇ ಜಾಗದಲ್ಲಿ ಮೊದಲು ಕಾಲು ಸೋತವರು, ಅಜ್ಜ ಅಜ್ಜಿಯರು, ಹಸುಗೂಸು ಎತ್ತಿಕೊಂಡವರು ಕಾಯದೆ ಹತ್ತಿ ಕಾಲು ಗಂಟೆ ಗಾಳಿಗೆ ಕೂತು ಬರುತ್ತಿದ್ದರು. ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಮುಚ್ಚಿದ ಬಗೆ

ತೆರೆದ ಬೇಸಿಗೆಯಲ್ಲೇ ರೈಡ್ ನಿಂತು, ಮತ್ತೆ ಶುರುವಾದದ್ದು 1998ರ ಅಕ್ಟೋಬರ್‌ನಲ್ಲಿ. ಪಾರ್ಕಿಗೆ ಅತಿ ಹೆಚ್ಚು ಜನ ಬರುವ ತಿಂಗಳುಗಳೇ ಕೈಬಿಟ್ಟವು. ಮುಂದಿನ ಎರಡು ವರ್ಷವೂ ನಿಲ್ಲುವುದು, ಹೊರಡುವುದು ನಡೆದೇ ಇತ್ತು. 2000ದ ಸೆಪ್ಟೆಂಬರ್ 25ರಂದು ದುರಸ್ತಿಗೆಂದು ಮುಚ್ಚಿ, ಮುಂದಿನ ವಸಂತಕ್ಕೆ ತೆರೆಯುವುದಾಗಿ ತಿಳಿಸಿದರು. ವಸಂತ ಬಂತು, 2001ರ ಏಪ್ರಿಲ್‌ನಲ್ಲಿ ಇನ್ನು ತೆರೆಯುವುದಿಲ್ಲ ಎಂಬ ಪ್ರಕಟಣೆಯೂ ಬಂತು. ಆ ಏಳು ತಿಂಗಳಲ್ಲಿ ಎಷ್ಟು ದುರಸ್ತಿ ಮಾಡಿದರೂ ತಿರುವುಗಳು ಸಮತಟ್ಟಾಗಿಯೇ ಇರುತ್ತಿದ್ದವು.

ಸರತಿಗೆ ಬಳಸಿದ ಕಟ್ಟಡ ಹಾಳು ಬೀಳಲಿಲ್ಲ. 2005ರ ಮಾರ್ಚ್‌ನಲ್ಲಿ ಅಲ್ಲಿ ಬಜ್ ಲೈಟ್‌ಇಯರ್ ರೈಡ್ ಶುರುವಾಯಿತು. ಪಕ್ಕದ ಸ್ಪೇಸ್ ಮೌಂಟನ್‌ನದು ಇನ್ನೊಂದು ಬಗೆ. 1977ರ ಆ ರೋಲರ್ ಕೋಸ್ಟರ್‌ನ ಹಳಿ ಸವೆದಾಗ 2003ರಲ್ಲಿ ಮುಚ್ಚಿ, ಕಟ್ಟಡ ಉಳಿಸಿಕೊಂಡು ಒಳಗಿನ ಹಳಿಯನ್ನು ಪೂರ್ತಿ ಕಿತ್ತು ಹೊಸದು ಹಾಕಿ, 2005ರ ಜುಲೈನಲ್ಲಿ ತೆರೆದರು. ಎರಡು ವರ್ಷ ಹಿಡಿಯಿತು. ಅದು ಇಂದಿಗೂ ಓಡುತ್ತಿದೆ.

ಹಳಿ ಯಾಕೆ ಇನ್ನೂ ನಿಂತಿದೆ

ಕೆಡವಿ ಹಾಕಬಾರದೇ ಎಂದು ಕೇಳುವುದು ಸುಲಭ. ಆದರೆ ಈ ದಾರಿ ಬರೀ ಕಂಬಗಳ ಮೇಲೆ ನಿಂತದ್ದಲ್ಲ. ಬಜ್ ಲೈಟ್‌ಇಯರ್ ಕಟ್ಟಡ, ಎದುರಿನ ಕಟ್ಟಡ, ಸ್ಪೇಸ್ ಮೌಂಟನ್, ಹಿಂದೆ ತಿರುಗುವ ರಂಗಮಂದಿರವಿದ್ದ ದುಂಡನೆಯ ಕಟ್ಟಡ, ಇವೆಲ್ಲದರ ಒಳಗೆ ಹಾದುಹೋಗಿದೆ. ಎಲ್ಲ ಒಂದೇ ಕಾಲದ ನಕಾಶೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡದ್ದು. ಅದನ್ನು ಕೀಳಬೇಕೆಂದರೆ ಕೆಳಗೆ ಓಡುತ್ತಿರುವ ರೈಡ್‌ಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕು, ಗೋಡೆಗಳ ತೂತು ಮುಚ್ಚಬೇಕು, ಜನ ಓಡಾಡುವ ಮುಖ್ಯ ದಾರಿಯನ್ನೇ ಕಟ್ಟಬೇಕು.

ಮತ್ತೆ ನಿಧಾನದ ರೈಲನ್ನೇ ಓಡಿಸುವುದಕ್ಕೂ ಅಡ್ಡಿಗಳಿವೆ. ಹಳಿಯ ಪಕ್ಕದಲ್ಲಿ ಜನ ನಡೆದು ಇಳಿಯುವಷ್ಟು ಅಗಲದ ದಾರಿಯಿಲ್ಲ. ರೈಲು ನಡುದಾರಿಯಲ್ಲಿ ನಿಂತರೆ, ಗಾಲಿಕುರ್ಚಿಯಲ್ಲಿ ಬಂದವರನ್ನೂ ಸೇರಿಸಿ ಎಲ್ಲರನ್ನೂ ಅಷ್ಟೆತ್ತರದಿಂದ ಇಳಿಸಬೇಕು. 1967ರ ನಿಯಮಗಳು ಅದನ್ನು ಒಪ್ಪಿದ್ದವು. ಇಂದು ಹೊಸ ರೈಡ್ ಎಂದು ಅರ್ಜಿ ಹಾಕಿದರೆ ಇಂದಿನ ನಿಯಮ ಪಾಲಿಸಬೇಕು, ಆಗ ಹಳಿಯನ್ನು ಅಗಲಿಸಬೇಕು, ಅಗಲಿಸಿದರೆ ಕಂಬ ಬದಲಿಸಬೇಕು.

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1975ರಲ್ಲಿ ಇದರ ತಮ್ಮನಂತಿರುವ ಪೀಪಲ್‌ಮೂವರ್ ಬಂತು. ಅಲ್ಲಿ ಟೈರುಗಳಿಗೆ ಬದಲು ಹಳಿಯಲ್ಲಿ ರೇಖೀಯ ಪ್ರೇರಣ ಮೋಟಾರುಗಳನ್ನು ಹುದುಗಿಸಿದರು. ಹಳಿಯ ಸುರುಳಿಗಳಲ್ಲಿ ವಿದ್ಯುತ್ ಹರಿದಾಗ ಚಲಿಸುವ ಕಾಂತಕ್ಷೇತ್ರವೊಂದು ಹುಟ್ಟಿ, ಡಬ್ಬಿಯ ತಳದ ಲೋಹದ ಫಲಕವನ್ನು ಮುಟ್ಟದೆಯೇ ಮುಂದಕ್ಕೆ ಸೆಳೆಯುತ್ತದೆ. ಮೋಟಾರಿನಲ್ಲಿ ತಿರುಗುವ ಭಾಗವಿಲ್ಲ, ಸವೆಯುವ ರಬ್ಬರಿಲ್ಲ. ಇದೇ ತಂತ್ರದ ರೈಲು 1981ರಲ್ಲಿ ಹ್ಯೂಸ್ಟನ್ ವಿಮಾನ ನಿಲ್ದಾಣದ ಟರ್ಮಿನಲ್‌ಗಳ ನಡುವೆಯೂ ಓಡತೊಡಗಿತು. ಅನಾಹೈಮ್‌ನ ಹಳಿಗೆ 1995ರಲ್ಲಿ ಬೇಕಾಗಿದ್ದದ್ದು ಈ ಮೋಟಾರುಗಳು. ಇಪ್ಪತ್ತು ವರ್ಷ ಓಡಿ ಸಾಬೀತಾಗಿದ್ದ ಯಂತ್ರ ಅದೇ ಕಂಪನಿಯ ಕೈಯಲ್ಲಿತ್ತು, ವೇಗ ಮಾತ್ರ ಗಂಟೆಗೆ 7 ಮೈಲಿ.